ದರ್ಜಿ ಬರೆದ ನೋಟ್ಸು

ಕಾಲರಿಗೆಂದು ಕತ್ತರಿಸಿಟ್ಟ ಕಾಗದದ ಹಿಂಬದಿಯಲ್ಲಿ ಶಿಕ್ಷಣ ಇಲಾಖೆಯ ಮೊಹರು ದರ್ಜಿಯ ಕಣ್ಣಿಗೆ ಬಿದ್ದಾಗ ಬೆಳಿಗ್ಗೆ ಹತ್ತು ಗಂಟೆ. ನಾಲ್ಕು ದಿನದ ಹಿಂದೆ ಬಂದ ಪತ್ರ ಅದು. ಕಾಗದ ಗಟ್ಟಿಯಾಗಿದೆಯೆಂದು ಓದದೆಯೇ ಕತ್ತರಿ ಆಡಿಸಿಬಿಟ್ಟಿದ್ದ. ಕಸದ ಬುಟ್ಟಿಯಿಂದ ಚೂರುಗಳನ್ನು ಆಯ್ದು ಜೋಡಿಸಿ ಓದಿದ. ಮನೆಯಲ್ಲೇ ಕಲಿಯುತ್ತಿರುವ ಅವನ ಮಕ್ಕಳನ್ನು ನೋಡಲು ಅಧಿಕಾರಿ ಬರುತ್ತಾರೆ, ತೃಪ್ತಿಯಾಗದಿದ್ದರೆ ಸೋಮವಾರದಿಂದ ಇಬ್ಬರನ್ನೂ ಶಾಲೆಗೆ ಸೇರಿಸಲಾಗುವುದು. ದಿನ ಇವತ್ತೇ. ಮೂರು ಗಂಟೆಗೆ.

ಶಾಲೆ ಎಂದರೆ ದರ್ಜಿಯ ಎದೆ ಇಂದಿಗೂ ಡವಗುಟ್ಟುತ್ತದೆ. ಒಂಬತ್ತನೇ ತರಗತಿಯಲ್ಲಿ ಒಂದು ಲೆಕ್ಕ ಬಾರದೆ ಬೆಂಚಿನ ಮೇಲೆ ನಿಂತವನು, ಇಳಿದು ನೇರವಾಗಿ ಹೊಲಿಗೆ ಅಂಗಡಿ ಸೇರಿದ್ದ. ತನ್ನ ಮಕ್ಕಳಿಗೆ ಆ ಬೆಂಚು ಬೇಡವೆಂದೇ ಮನೆಪಾಠ. ಅವಸರವಿಲ್ಲ, ಗಂಟೆಯಿಲ್ಲ, ಪರೀಕ್ಷೆಯಿಲ್ಲ. ಹದಿನಾರರ ಮಗಳು ಮೂರು ವಾರದಿಂದ ಕಿಟಕಿಯ ಜೇಡವನ್ನು ನೋಡುತ್ತಿದ್ದಳು. ಹದಿನಾಲ್ಕರ ಮಗ ಕೆಟ್ಟುಹೋದ ಹೊಲಿಗೆ ಯಂತ್ರದ ಮೋಟಾರನ್ನು ಬಿಚ್ಚಿ ಹರಡಿಕೊಂಡು ತಿಂಗಳಾಗಿತ್ತು. ಇದನ್ನೆಲ್ಲ ಅಧಿಕಾರಿಗೆ ಏನೆಂದು ತೋರಿಸುವುದು?

ಸುದ್ದಿ ಮಹಡಿ ಹತ್ತುವುದಕ್ಕೆ ಮೆಟ್ಟಿಲು ಬೇಕಿರಲಿಲ್ಲ. ಮೇಲಿನ ಮನೆಯ ನಿವೃತ್ತ ಹೆಡ್ ಮೇಡಂ ಎರಡು ಹೊಸ ನೋಟ್‌ಪುಸ್ತಕ ಹಿಡಿದೇ ಇಳಿದರು. ನಾನು ಆವತ್ತೇ ಹೇಳಲಿಲ್ಲವೇ ಎಂದು ಶುರುಮಾಡಿ, ಅಧಿಕಾರಿಗಳು ಮಕ್ಕಳನ್ನು ನೋಡುವುದಿಲ್ಲ, ನೋಟ್ಸು ನೋಡುತ್ತಾರೆ ಎಂದು ಮುಗಿಸಿದರು. ಮಕ್ಕಳ ಕೈಲೇ ಬರೆಸೋಣವೆಂದರೆ, ಗೊತ್ತಿರುವುದನ್ನು ಯಾಕೆ ಬರೆಯಬೇಕು ಎಂದ ಮಗ. ಮೇಡಂ ನಲವತ್ತು ಪ್ರಶ್ನೆ ಗೀಚಿಕೊಟ್ಟು, ಉತ್ತರ ನೀನೇ ತುಂಬು ಎಂದು ಹೇಳಿ ಊಟಕ್ಕೂ ನಿದ್ದೆಗೂ ಹೊರಟುಹೋದರು.

ದರ್ಜಿ ಬಾಗಿಲು ಹಾಕಿ ಕುಳಿತ. ಅಕ್ಷರ ಬೇರೆ ಬೇರೆ ಕಾಣಲೆಂದು ಮಗಳ ಪುಸ್ತಕಕ್ಕೆ ಬಲಗೈ, ಮಗನದಕ್ಕೆ ಎಡಗೈ. ನೆನಪಿನ ತಳ ಕೆರೆದು ಕೆರೆದು ಬರೆದ, ಬಾರದ ಕಡೆ ದೇವರ ಮೇಲೆ ಭಾರ ಹಾಕಿದ. ಬೆವರು ಹನಿದು ಶಾಯಿ ಹರಡಿತು. ಗಿರಾಕಿಯೊಬ್ಬ ಬಾಗಿಲು ತಟ್ಟಿದಾಗ ಅಧಿಕಾರಿಯೇ ಎಂದು ಹೆದರಿ ಮಂಚದ ಕೆಳಗೆ ನುಸುಳಿದ. ಮಗಳು ಹೋಗಿ ಪ್ಯಾಂಟು ಕೊಟ್ಟು ಬಂದು, ಬಗ್ಗಿ ನೋಡಿ, "ಹೋದ್ರು ಅಪ್ಪಾ, ಬಾ" ಎಂದಳು.

ಸರಿಯಾಗಿ ಮೂರಕ್ಕೆ ಅಧಿಕಾರಿ ಬಂದರು. ಕನ್ನಡಕದ ಹೆಂಗಸು, ನಗುವೂ ಇಲ್ಲ, ಸಿಟ್ಟೂ ಇಲ್ಲ. ಹಿಂದೆಯೇ ಹೆಡ್ ಮೇಡಂ. ಅಧಿಕಾರಿ ಎರಡೂ ಪುಸ್ತಕಗಳನ್ನು ಒಂದು ಪುಟವೂ ಬಿಡದೆ ಓದಿದರು. ಓದುತ್ತ ಓದುತ್ತ ಅವರ ಹುಬ್ಬುಗಳು ಮೇಲೇರಿದವು. ದರ್ಜಿ ಗೋಡೆ ಹಿಡಿದುಕೊಂಡ.

"ಜೇಡಕ್ಕೆ ಎಷ್ಟು ಕಾಲಮ್ಮಾ?" ಎಂದು ಮಗಳನ್ನು ಕೇಳಿದರು.

"ಎಂಟು. ನಮ್ಮ ಕಿಟಕೀದಕ್ಕೆ ಏಳೇ, ಒಂದು ಮುರಿದಿದೆ. ಆದ್ರೂ ಬಲೆ ನೇಯುತ್ತೆ. ತೋರಿಸ್ಲಾ?"

"ಪುಸ್ತಕದಲ್ಲಿ ಆರು ಅಂತಿದೆ."

"ಅದು ಅಪ್ಪ ಬರೆದಿದ್ದು. ಪಾಪ, ಬೆಳಿಗ್ಗೆಯಿಂದ ಕೂತು ಬರೆದ್ರು."

ದರ್ಜಿ ಕಣ್ಣು ಮುಚ್ಚಿದ. ಕೈಯಾರೆ ಮಕ್ಕಳನ್ನು ಬೆಂಚು ಹತ್ತಿಸಿದೆ ಎಂದುಕೊಂಡ. ಅಧಿಕಾರಿ ಮಾತ್ರ ಮೋಟಾರಿನ ಪಕ್ಕ ನೆಲದ ಮೇಲೆ ಕುಳಿತು, ಮಗ ಒಂದೊಂದೇ ಬಿಡಿಭಾಗ ತೋರಿಸಿ ಹೇಳಿದ್ದನ್ನೆಲ್ಲ ಅರ್ಧ ಗಂಟೆ ಕೇಳಿದರು. ಆಮೇಲೆ ಜೇಡ ನೋಡಿದರು. ಕೊನೆಗೆ ಪೆನ್ನು ತೆಗೆದರು.

"ಮಕ್ಕಳು ಚೆನ್ನಾಗಿ ಕಲೀತಿದಾರೆ. ಮನೇಲೇ ಇರ್ಲಿ."

ದರ್ಜಿಗೆ ಹೋದ ಜೀವ ಬಂದಂತಾಯಿತು. ಕೈ ಮುಗಿದ.

"ಆದ್ರೆ ಈ ನೋಟ್ಸ್ ಬರೆದವರನ್ನ ಹೀಗೇ ಬಿಡೋಕಾಗಲ್ಲ. ಪಾಠ ಹೇಳೋರು ಹತ್ತನೇ ಕ್ಲಾಸಾದ್ರೂ ಪಾಸಾಗಿರ್ಬೇಕು. ಸೋಮವಾರದಿಂದ ನೀವು ಕ್ಲಾಸಿಗೆ ಹೋಗಿ, ಮೂರು ತಿಂಗಳಿಗೆ ಪರೀಕ್ಷೆ."

ಯಾರ ಹತ್ತಿರ ಎಂದು ಅವನು ಕೇಳುವ ಮೊದಲೇ ಹೆಡ್ ಮೇಡಂ ಮುಂದೆ ಬಂದರು.

"ಬೆಳಿಗ್ಗೆ ಏಳಕ್ಕೆ ಮೇಲೆ ಬಾ. ಒಂದು ನಿಮಿಷ ತಡವಾದ್ರೂ ಹೊರಗೆ ನಿಲ್ಲಿಸ್ತೀನಿ."

ಸಂಜೆ ಹೆಂಡತಿ ಆಸ್ಪತ್ರೆಯ ಕೆಲಸ ಮುಗಿಸಿ ಬಂದಳು. ಅಧಿಕಾರಿ ಗಂಡನ ಹೆಸರಿನಲ್ಲಿ ಬಿಟ್ಟುಹೋಗಿದ್ದ ದಾಖಲಾತಿ ಅರ್ಜಿಯನ್ನು ಎರಡು ಸಲ ಓದಿ, ಪೋಷಕರ ಸಹಿ ಎಂದಿದ್ದ ಕಡೆ ಸಹಿ ಹಾಕಿದಳು. ದರ್ಜಿ ಮೆಲ್ಲಗೆ ಅವಳ ಪಕ್ಕ ಬಂದು ಕುಳಿತು, ಸೋಮವಾರ ತನಗೆ ಹೊಟ್ಟೆನೋವೆಂದು ಒಂದು ಚೀಟಿ ಬರೆದುಕೊಡಬಹುದೇ ಎಂದು ಕೇಳಿದ. ಹದಿನೆಂಟು ವರ್ಷದಿಂದ ನರ್ಸಾಗಿದ್ದವಳು ಅವಳು. ಅವನ ಹೊಟ್ಟೆ ಒತ್ತಿ ನೋಡಿ, ಏನೂ ಇಲ್ಲ, ಹೋಗು ಎಂದಳು.