ಹಾಲಪ್ಪನ ಲಿವರ್ ನಂಬರು

ಎಲ್ಲ ರಗಳೆಗೂ ಮೂಲ ಒಂದು ನಂಬರು. ಶಾಲೆಯ ಬಸ್ ಡ್ರೈವರ್‌ಗಳ ವರ್ಷದ ರಕ್ತಪರೀಕ್ಷೆಯಲ್ಲಿ ಲಿವರ್ ಎಂಜೈಮ್ ಅರವತ್ತು ದಾಟಬಾರದು ಎಂದು ನಿಯಮ; ದಾಟಿದರೆ ಕುಡಿತ ಎಂದೇ ಎಲ್ಲರ ಅನುಮಾನ. ಹಾಲಪ್ಪನದು ನೂರ ಎಪ್ಪತ್ತು!

ಹಾಲಪ್ಪ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಗ್ಯಾರೇಜಿನ ಪಾರ್ಟಿಗಳಲ್ಲಿ ಎಲ್ಲರೂ ಗ್ಲಾಸು ಎತ್ತುವಾಗ ಈ ಪುಣ್ಯಾತ್ಮ ಮೂಲೆಯಲ್ಲಿ ಕೂತು ಬಿಸಿ ಹಾಲು ಊದಿ ಊದಿ ಕುಡಿಯುತ್ತಿದ್ದ. ಹಾಗಾಗಿ ಆ ಹೆಸರು ಅಂಟಿಕೊಂಡಿತು. ಹನ್ನೆರಡು ವರ್ಷ ಲಡಕಾಸಿ ಬಸ್ ಓಡಿಸಿ ಸೊಂಟ ಸವೆಸಿದವನಿಗೆ ಇವತ್ತು ಸಂಜೆ ಐದಕ್ಕೆ ಹೊಸ ಹಳದಿ ಬಸ್ಸಿನ ಕೀಲಿ ಸಿಗಬೇಕಿತ್ತು. ರಿಪೋರ್ಟ್ ನೋಡಿದ ಮ್ಯಾನೇಜರು ಆ ಕೀಲಿಯನ್ನು ತಮ್ಮ ಕುರ್ಚಿಯ ಹಿಂದಿನ ಮೊಳೆಗೆ ನೇತುಹಾಕಿದರು.

"ಐದು ಗಂಟೆ ಒಳಗೆ ಕಾರಣ ತಂದು ತೋರ್ಸು. ಇಲ್ಲಾಂದ್ರೆ ಕೀಲಿ ಬೇರೆಯವರಿಗೆ."

"ಸಾರ್, ನಾನು ಮೂಸಿ ಕೂಡ ನೋಡಿದವನಲ್ಲ!"

ಗ್ಯಾರೇಜಿಗೆ ಸುದ್ದಿ ಅವನಿಗಿಂತ ಮೊದಲೇ ತಲುಪಿತ್ತು. "ಅಲ್ವೋ ಕಳ್ಳ, ಹಾಲಿಗೆ ಏನ್ ಬೆರೆಸ್ಕೊಂಡ್ ಕುಡೀತಿದ್ದೆ? ನಮಗೂ ಒಂಚೂರು ಕೊಡ್ಬಾರ್ದಿತ್ತಾ?" ಎಂದು ಮೆಕ್ಯಾನಿಕ್ ಬೆನ್ನು ತಟ್ಟಿದ. ವಾಚ್‌ಮನ್ ಹತ್ತಿರ ಬಂದು ಅವನ ಬಾಯಿಯನ್ನೇ ಮೂಸಿದ. "ವಾಸನೇನೇ ಬರಲ್ಲ, ದುಬಾರಿ ಮಾಲೇ ಇರ್ಬೇಕು," ಎಂದು ತೀರ್ಪು ಕೊಟ್ಟ.

ಹಾಲಪ್ಪ ಎದ್ದೆನೋ ಬಿದ್ದೆನೋ ಎಂದು ಡಾಕ್ಟರ ಬಳಿ ಓಡಿದ. ಅವರು ಹೊಟ್ಟೆ ಒತ್ತಿದರು, ಸ್ಕ್ಯಾನ್ ಮಾಡಿದರು.

"ಲಿವರ್ ಚೆನ್ನಾಗೇ ಇದೆ ಕಣಯ್ಯ. ಕೆಲವರ ಮನೆತನದಲ್ಲಿ ಜೀನ್‌ಗಳೇ ಈ ನಂಬರನ್ನ ಮೇಲೆ ಎತ್ತಿಟ್ಟಿರ್ತವೆ. ಮೂಗು, ಕಿವಿ ಬರೋ ಹಾಗೆ ಇದೂ ಬರುತ್ತೆ. ಒಡಹುಟ್ಟಿದೋರಿಗೂ ಹೀಗೇ ಇದ್ರೆ ಬರೆದ್ಕೊಡ್ತೀನಿ. ಯಾರಾದ್ರೂ ಇದ್ದಾರಾ?"

ಇದ್ದಳು, ಒಬ್ಬಳು ಅಕ್ಕ. ಗಣಿತದ ಟೀಚರು. ಇಡೀ ತರಗತಿಯನ್ನು ಕಣ್ಣಲ್ಲೇ ಕೂರಿಸುವವಳು, ಸೂಜಿ ಕಂಡರೆ ಮಾತ್ರ ಎಳೆಮಗುವಿಗಿಂತ ಕಡೆ. "ನಿನ್ ಬಸ್ಸಿಗೆ ನನ್ ರಕ್ತ ಯಾಕೋ? ಡೀಸೆಲ್ ಹಾಕ್ಸು!" ಎಂದು ಲ್ಯಾಬಿನ ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ಹಾಲಪ್ಪ ಕಾಲು ಹಿಡಿದ. ಕೊನೆಗೆ ಕಣ್ಣು ಮುಚ್ಚಿ, ಹದಿನೇಳರ ಮಗ್ಗಿ ಹೇಳುತ್ತಾ ರಕ್ತ ಕೊಟ್ಟಳು.

ನಾಲ್ಕೂವರೆಗೆ ರಿಪೋರ್ಟ್ ಬಂತು. ನೂರ ಎಂಬತ್ತು!

"ಅಕ್ಕಂದು ನನಗಿಂತ ಜಾಸ್ತಿ!" ಹಾಲಪ್ಪ ವರಾಂಡದಲ್ಲೇ ಕುಣಿದ. ಸಾಲಿನಲ್ಲಿ ಕೂತಿದ್ದ ರೋಗಿಗಳು ಇಂಥ ತಮ್ಮನನ್ನು ನೋಡಿ ಲೊಚಗುಟ್ಟಿದರು. ಡಾಕ್ಟರು 'ವಂಶದಿಂದ ಬಂದದ್ದು' ಎಂದು ಬರೆದು ಸಹಿ ಹಾಕಿದರು. ಖುಷಿಗೆ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಕ್ಕನನ್ನು ಟ್ಯಾಕ್ಸಿಗೆ ತುಂಬಿಕೊಂಡು, ಐದಕ್ಕೆ ಐದು ನಿಮಿಷ ಇರುವಾಗ ಆಫೀಸಿಗೆ ನುಗ್ಗಿದ. ಗ್ಯಾರೇಜಿನವರೆಲ್ಲ ಕಿಟಕಿಗೆ ಮುಗಿಬಿದ್ದರು.

ಮ್ಯಾನೇಜರು ಎರಡೂ ರಿಪೋರ್ಟ್ ಓದಿದರು. "ಛೆ, ಪಾಪ, ನೀನು ಕುಡುಕ ಅಲ್ವೇ ಅಲ್ಲ!" ಎಂದರು. ಹಾಲಪ್ಪ ಕೀಲಿಗೆ ಕೈ ಚಾಚಿದ. ಅವರು ಮಾತ್ರ ಕಾರಣ ತುಂಬಬೇಕಾದ ಫಾರಂ ತಿರುವಿ ತಿರುವಿ ನೋಡುತ್ತಿದ್ದರು.

"ಇದ್ರಲ್ಲಿ ವಂಶ ಅನ್ನೋ ಕಾಲಂ ಇಲ್ವಲ್ಲಪ್ಪ! ಇರೋದೇ ಒಂದು, ಕುಡಿತ. ಕುಡಿತ ಆದ್ರೆ ದಾರಿ ಇದೆ. ಒಪ್ಕೊಂಡು ಸಹಿ ಹಾಕೋದು, ಮೂರು ತಿಂಗಳು ಬಿಡೋದು, ಮತ್ತೆ ಪರೀಕ್ಷೆ. ಅಲ್ಲಿವರೆಗೂ ಕೀಲಿ ನಿನ್ ಹೆಸರಲ್ಲೇ ಇರುತ್ತೆ. ಕಾಲಂ ಖಾಲಿ ಬಿಟ್ರೆ ನೀನು ಅನರ್ಹ, ಅಷ್ಟೇ."

ಗಡಿಯಾರದಲ್ಲಿ ಐದಕ್ಕೆ ಒಂದೇ ನಿಮಿಷ. ಹಾಲಪ್ಪ ಕೀಲಿಯನ್ನು ನೋಡಿದ, ಅಕ್ಕನನ್ನು ನೋಡಿದ, ಕಣ್ಣು ಮುಚ್ಚಿದ.

"ಕುಡೀತೀನಿ ಸಾರ್! ದಿನಾ ಕುಡೀತೀನಿ!"

"ನಾನ್ ಹೇಳ್ಲಿಲ್ವಾ!" ಕಿಟಕಿಯಿಂದ ಮೆಕ್ಯಾನಿಕ್ ಕೂಗಿದ.

"ಏನಂದೆ?" ಅಕ್ಕ ಸೂಜಿ ಚುಚ್ಚಿಸಿಕೊಂಡ ಕೈಯನ್ನೇ ಎತ್ತಿ ತಮ್ಮನ ತಲೆಗೆ ಒಂದು ಬಿಟ್ಟಳು. "ಇದಕ್ಕೇನೋ ನನ್ ರಕ್ತ ಹೀರ್ಸಿದ್ದು?"

ಏಟು ಬಿದ್ದರೂ ಹಾಲಪ್ಪ ನಗುನಗುತ್ತಲೇ ಸಹಿ ಹಾಕಿದ. ಮೂರೇ ಮೂರು ತಿಂಗಳು! ಆಮೇಲೆ ಹಳದಿ ಬಸ್ಸು ತನ್ನದೇ!

ಮ್ಯಾನೇಜರು ಪ್ರೀತಿಯಿಂದ ಹೆಗಲ ಮೇಲೆ ಕೈಯಿಟ್ಟರು. "ಹೆದರ್ಬೇಡ. ಒಂದು ಹನಿ ಕೂಡ ಮುಟ್ಬೇಡ, ಆಯ್ತಾ? ನಂಬರು ಅರವತ್ತಕ್ಕೆ ಇಳಿದ ದಿನ ನಾನೇ ಕೀಲಿ ಕೊಡ್ತೀನಿ."

ಹಾಲಪ್ಪನ ನಗು ಅಲ್ಲೇ ನಿಂತಿತು. ಹುಟ್ಟಿದಾಗಿನಿಂದ ಒಂದು ಹನಿಯೂ ಮುಟ್ಟದೆಯೇ ಅದು ನೂರ ಎಪ್ಪತ್ತಾಗಿತ್ತು.