ಕಣದಲ್ಲಿ ಹಾಜರಾತಿ

ಸರ್ಕಾರಿ ನೌಕರನು ಕಚೇರಿಯಲ್ಲಿ ಇದ್ದಾನೋ ಇಲ್ಲವೋ ಎಂಬುದನ್ನು ಅವನೂ ಹೇಳುವಂತಿಲ್ಲ, ಅವನನ್ನು ಕಂಡವರೂ ಹೇಳುವಂತಿಲ್ಲ, ಮೊಬೈಲ್ ಹೇಳತಕ್ಕದ್ದು. ಜಾವಳಿ ರಸ್ತೆಯಲ್ಲಿರುವ ಅಳತೆ ದೃಢೀಕರಣ ಇಲಾಖೆಯ ಉಪಕಚೇರಿಯಲ್ಲಿ ಈ ನಿಯಮ ಕಳೆದ ಕಾಫಿ ಕೊಯ್ಲಿನ ಹೊತ್ತಿಗೆ ಜಾರಿಗೆ ಬಂತು. ರಸ್ತೆಯ ಈಚೆ ಬದಿಗೇ ನನ್ನ ಕಾಫಿ ಮಂಡಿ ಮತ್ತು ಸಿಮೆಂಟು ಕಣ ಇರುವುದರಿಂದ ಮುಂದಿನದೆಲ್ಲ ನನ್ನ ಕಣ್ಣೆದುರಿಗೇ ನಡೆಯಿತು.

ನೌಕರರ ವೃತ್ತಿ ಉನ್ನತೀಕರಣಕ್ಕೆಂದು ತನ್ಮಯ್ ಎಂಬ ತರಬೇತುದಾರರು ಬೆಂಗಳೂರಿನಿಂದ ಬಂದರು. ಕಚೇರಿಯ ಒಳಗೆ ಸಿಗ್ನಲ್ ಇರಲಿಲ್ಲ. ಹಾಗಾಗಿ ಶಿಬಿರಾರ್ಥಿಗಳನ್ನು ಕರೆದುಕೊಂಡು ರಸ್ತೆ ದಾಟಿ ನನ್ನ ಕಣದ ನಡುವೆ ನಿಂತರು. "ಈಗ ನಿಮ್ಮ ಕಚೇರಿಯನ್ನ ಹಾಜರಾತಿ ಆಪ್‌ನಲ್ಲಿ ಗುರುತಿಸೋಣ" ಎಂದು ಬಟನ್ ಒತ್ತಿದರು. ಆಪ್ ಅವರು ನಿಂತ ಜಾಗವನ್ನೇ ಕಚೇರಿಯೆಂದು ಬರೆದುಕೊಂಡು ಧನ್ಯವಾದ ಹೇಳಿತು. ತನ್ಮಯ್ ಅವರು ಎಲ್ಲರಿಗೂ ಪ್ರಮಾಣಪತ್ರ ಕೊಟ್ಟು, ಜಲಪಾತ ನೋಡಲು ಹೋದರು.

ಮರುದಿನ ಕಚೇರಿಯಲ್ಲಿ ಕೂತವರಿಗೆಲ್ಲ ಗೈರುಹಾಜರಿ ಬಿತ್ತು. ಹನ್ನೊಂದು ಗಂಟೆಯೊಳಗೆ ಅಧೀಕ್ಷಕಿ ಪ್ರೇಮಕುಮಾರಿಯವರು ಕುರ್ಚಿ ಸಮೇತ ರಸ್ತೆ ದಾಟಿದರು. ಹಿಂದೆಯೇ ಗುಮಾಸ್ತ ಮಂಜಯ್ಯನವರು ಮೇಜು ಹೊತ್ತು ಬಂದರು.

ಕಣದಲ್ಲಿ ನನ್ನ ಹಣ್ಣು ಕಾಫಿ ಒಣಗುತ್ತಿತ್ತು. ದಿನಕ್ಕೆ ನಾಲ್ಕಾರು ಸಲ ಮಗುಚದಿದ್ದರೆ ಬೂಷ್ಟು ಹಿಡಿದು, ಇಡೀ ವರ್ಷದ ವ್ಯಾಪಾರ ಮುಗಿದಂತೆ. ಮಗುಚುವ ಆಳುಗಳೋ, ಜಾಸ್ತಿ ಕೂಲಿ ಅಂತ ದೊಡ್ಡ ಎಸ್ಟೇಟುಗಳಿಗೆ ಹೋಗಿಯಾಗಿತ್ತು. ಈಗ ಆ ಕಾಫಿಯ ಮೇಲೇ ಸರ್ಕಾರ ಬಂದು ಕೂತಿತು.

"ಮೇಡಂ, ಇದು ನನ್ನ ಕಣ. ನಿಮ್ಮ ಕುರ್ಚಿ ಕೆಳಗಿರೋದು ರೋಬಸ್ಟಾ."

"ಗೊತ್ತು ಸಾವ್ಕಾರ್ರೆ. ಆದ್ರೆ ಆಪ್ ಪ್ರಕಾರ ನೀವೇ ಸರ್ಕಾರಿ ಕಚೇರೀಲಿ ಕಾಫಿ ಹರವಿದೀರಿ. ನೋಟಿಸ್ ಕೊಡಬೇಕಾಗ್ತದೆ."

"ಕೊಡಿ. ನಾನು ಬಾಡಿಗೆ ಬಿಲ್ ಕೊಡ್ತೀನಿ."

"ಬಿಲ್ ತಗೊಳ್ಳೋ ಕೌಂಟರ್ ಆಚೆ ಕಟ್ಟಡದಲ್ಲಿದೆ. ಅಲ್ಲಿಗೆ ಹೋದ್ರೆ ನಾವು ಗೈರುಹಾಜರು."

ತಿದ್ದುಪಡಿಗೆ ಅವಕಾಶ ಇರಲಿಲ್ಲ ಎಂದು ಯಾರೂ ಭಾವಿಸಬಾರದು. ಪ್ರೇಮಕುಮಾರಿಯವರು ಕಣದಲ್ಲಿ ನಿಂತು ಅರ್ಜಿ ಹಾಕಿದಾಗ, "ನೀವು ಕಚೇರಿಯಲ್ಲೇ ಇದ್ದೀರಿ, ತಿದ್ದುಪಡಿಯ ಅಗತ್ಯ ಕಂಡುಬಂದಿಲ್ಲ" ಎಂದು ಆಪ್ ತಿಳಿಸಿತು. ಹಳೆಯ ಕಟ್ಟಡದ ಜಗಲಿಯಿಂದ ಹಾಕಿದಾಗ, "ಕಚೇರಿಯ ಹೊರಗಿನಿಂದ ಬಂದ ಅರ್ಜಿ ಪರಿಗಣಿಸಲಾಗದು" ಎಂದಿತು. ಎರಡೂ ಉತ್ತರ ಸಕಾಲದಲ್ಲಿ ಬಂದವು.

ಅಷ್ಟರಲ್ಲಿ ಕುರ್ಚಿಗಳ ಸುತ್ತ ಕಾಫಿ ಬೂಷ್ಟು ಹಿಡಿದು ಬೆಳ್ಳಗಾಗತೊಡಗಿತು. ನನ್ನ ಪುಣ್ಯಕ್ಕೆ ತರಬೇತಿಯ ಎರಡನೇ ಪಾಠ ಜಾರಿಗೆ ಬಂತು: ಮೊಬೈಲ್ ಅಲುಗಾಡದೆ ಇದ್ದರೆ ನೌಕರನನ್ನು 'ನಿಷ್ಕ್ರಿಯ' ಎಂದು ಪರಿಗಣಿಸಿ ಅರ್ಧ ದಿನದ ರಜೆ ಕಳೆಯತಕ್ಕದ್ದು. ಮಂಜಯ್ಯನವರು ಮೊಬೈಲ್ ಜೇಬಿಗೆ ಹಾಕಿಕೊಂಡು ಕಣದ ತುಂಬ ಓಡಾಡತೊಡಗಿದರು. ಕಾಫಿ ಮೇಲೆ ಸುಮ್ಮನೆ ಓಡಾಡುವ ಮನುಷ್ಯನನ್ನು ನೋಡಿಕೊಂಡು ಕೂರುವುದು ಯಾವ ವ್ಯಾಪಾರಿಗೂ ಆಗದ ಮಾತು.

"ಮಂಜಯ್ಯ, ಕಾಲೆತ್ತಿ ಇಡಬೇಡಿ ಮಾರಾಯ್ರೆ. ಎಳೆದು ಎಳೆದು ಹಾಕಿ. ಮೊಬೈಲಿಗೆ ಚೆನ್ನಾಗಿ ಗೊತ್ತಾಗ್ತದೆ."

"ಹೌದಾ? ಟ್ರೇನಿಂಗಲ್ಲಿ ಹೇಳ್ಲೇ ಇಲ್ವಲ್ಲ."

"ಅದು ಮುಂದಿನ ಶಿಬಿರದಲ್ಲಿ ಬರ್ತದೆ."

ಸಂಜೆಯೊಳಗೆ ಅರ್ಧ ಕಣ ಸಾಲು ಸಾಲಾಗಿ ಮಗುಚಿಯಾಗಿತ್ತು. ಮರುದಿನ ಎಲ್ಲರ ಕೈಗೂ ಕಾಫಿ ಎಳೆದು ಮಗುಚುವ ಒಂದೊಂದು ಗೋರುಮಣೆ ಕೊಟ್ಟೆ. ಮೊಬೈಲನ್ನು ಅದರ ಹಿಡಿಗೆ ಕಟ್ಟಿದರೆ ಚಟುವಟಿಕೆ ಇಮ್ಮಡಿಯಾಗುತ್ತದೆಂದು ಪ್ರೇಮಕುಮಾರಿಯವರೇ ಕಂಡುಹಿಡಿದರು. ತಿಂಗಳ ಕೊನೆಗೆ ಈ ಉಪಕಚೇರಿ ಕ್ರಿಯಾಶೀಲತೆಯಲ್ಲಿ ಜಿಲ್ಲೆಗೇ ಮೊದಲ ಸ್ಥಾನ ಪಡೆಯಿತು.

ಜಾವಳಿಯ ಪಾಪಮ್ಮ ಎಂಬ ರೈತ ಮಹಿಳೆ ಜಮೀನಿನ ಅಳತೆ ಪತ್ರಕ್ಕೆ ಬಂದವರು ನಿಂತು ನೋಡಿದರು.

"ಏನ್ ಮೇಡಂ, ಸರ್ಕಾರ ಸಂಬಳ ನಿಲ್ಲಿಸ್ತಾ?"

"ಇಲ್ಲಮ್ಮ, ವೃತ್ತಿ ಉನ್ನತೀಕರಣ."

"ಒಳ್ಳೇದಾಯ್ತು ಬಿಡಿ. ಬಗ್ಗಿ ಕೆಲಸ ಮಾಡೋದು ನಿಮ್ಗೂ ಒಂದು ಕಲಿತಂಗಾಯ್ತು. ನನ್ನ ಫೈಲ್?"

ಫೈಲ್ ಆಚೆ ಕಟ್ಟಡದಲ್ಲಿತ್ತು; ನೌಕರರು ಅಲ್ಲಿಗೆ ಹೋಗುವಂತಿರಲಿಲ್ಲ. ಪಾಪಮ್ಮ ತಾವೇ ಹೋಗಿ ಹುಡುಕಿ ತಂದು, ಸಹಿ ಹಾಕಿಸಿಕೊಂಡು, ಮಧ್ಯಾಹ್ನದ ಬಸ್ಸಿಗೆ ಹೊರಟರು. ಅರ್ಜಿ ಕೊಟ್ಟ ದಿನವೇ ಕೆಲಸವಾದದ್ದು ಆ ಇಲಾಖೆಯಲ್ಲಿ ಅದೇ ಮೊದಲು. ಇದಕ್ಕೆ ಕಾರಣ ಕೇಳಿ ಮೇಲಿನಿಂದ ನೋಟಿಸೂ ಬಂತು.

ಆಮೇಲೆ ಅಕಾಲಿಕ ಮೋಡ ಕವಿಯಿತು. ಮಳೆ ಬಿದ್ದರೆ ಒಣಗಿದ ಕಾಫಿಯೆಲ್ಲ ಹಾಳು. ನನ್ನ ಗೋದಾಮು ತುಂಬಿತ್ತು.

"ಮೇಡಂ, ಆ ಖಾಲಿ ಕಟ್ಟಡ?"

ಅವರು ಆಪ್ ನೋಡಿದರು. "ಅಲ್ಲಿ ಯಾವ ಕಟ್ಟಡವೂ ಇಲ್ಲ ಸಾವ್ಕಾರ್ರೆ. ಬರೀ ಜಾಗ."

ನೌಕರರು ಮೂಟೆ ಹೊತ್ತರು. ಎಲ್ಲರ ಚಟುವಟಿಕೆಯೂ ಏರಿತು. ಮಳೆ ಬಂದಾಗ ಕಾಫಿ ಹೆಂಚಿನ ಕೆಳಗಿತ್ತು, ಸರ್ಕಾರ ಟಾರ್ಪಾಲಿನ ಕೆಳಗಿತ್ತು. ಬಿಸಿಲು ಬಂದಮೇಲೆ ಎರಡನೇ ಕೊಯ್ಲಿನ ಹಣ್ಣು ಹರವಿದೆವು.

ಅದರ ಮಧ್ಯೆ ಜಿಲ್ಲಾ ಅಧಿಕಾರಿ ಬಸವಪ್ರಸಾದ್ ತಪಾಸಣೆಗೆ ಬಂದರು. ಕಟ್ಟಡದ ಕಿಟಕಿಯಲ್ಲಿ ಇಣುಕಿ ಮೂಟೆಗಳನ್ನು ಕಂಡರು. ಮುಖ ಕೆಂಪಗಾಯಿತು. ನನ್ನ ಮೊದಲ ಕೊಯ್ಲಿನ ಮಾಲೆಲ್ಲ ಅಲ್ಲೇ ಇತ್ತು.

"ಏನ್ರೀ ಇದು ಕಚೇರೀಲಿ? ಇವತ್ತೇ ಖಾಲಿ ಮಾಡಿಸಿ. ಆದೇಶ ಈಗಲೇ ಬರೀತೀನಿ" ಎಂದು ಮೊಬೈಲ್ ತೆಗೆದರು. ಕಚೇರಿಯೊಳಗೆ ನಿಂತು ಹೊರಡಿಸಿದ ಆದೇಶ ಮಾತ್ರ ಸಿಂಧು ಎಂದು ಆಪ್ ಹೇಳಿತು. ಅವರು ರಸ್ತೆ ದಾಟಿ ಕಣಕ್ಕೆ ಬಂದರು. ಹಾಜರಾತಿ ಬಿತ್ತು. ಆದೇಶ ಬರೆಯಲು ನಿಂತಲ್ಲೇ ನಿಂತು ಯೋಚಿಸುತ್ತಿದ್ದಾಗ ಮೊಬೈಲ್ ಕಿರುಚಿತು: ನಿಷ್ಕ್ರಿಯ.

ಪ್ರೇಮಕುಮಾರಿಯವರು ವಿನಯದಿಂದ ತಮ್ಮ ಗೋರುಮಣೆ ಮುಂದೆ ಚಾಚಿದರು. ಸಾಹೇಬರು ಒಂದು ಸಲ ಮೊಬೈಲ್ ನೋಡಿದರು, ಒಂದು ಸಲ ಕಾಫಿ ನೋಡಿದರು. ಶೂ ಬಿಚ್ಚಿ ಪಕ್ಕಕ್ಕಿಟ್ಟರು.

ಅವರು ಎಳೆದ ಸಾಲು ಸ್ವಲ್ಪ ಸೊಟ್ಟಗಿತ್ತು. ದೊಡ್ಡವರು, ಹೊಸಬರು ಬೇರೆ; ನಾನೇನೂ ಅನ್ನಲಿಲ್ಲ.