ಉಲನ್ನಿನ ಮಹಾರಾಜರು

ನಮ್ಮ ಅತ್ತೆ ನಿದ್ದೆಯಲ್ಲಿ ಮಾಡುವ ಕೆಲಸವನ್ನು ಎಚ್ಚರವಿರುವ ಹತ್ತು ಮಂದಿ ಸೇರಿದರೂ ಮಾಡಲಾರರು! ಅತ್ತೆಯೆಂದರೆ ಗಂಡನ ತಾಯಿಯಲ್ಲ, ಅಪ್ಪನ ತಂಗಿ. ಗಂಡನ ತಾಯಿಯ ಬಗ್ಗೆ ಇಷ್ಟು ಧೈರ್ಯವಾಗಿ ಬರೆಯಲು ನನಗೇನು ಹುಚ್ಚೇ? ಈಕೆ ಬೆಳ್ಳಟ್ಟಿಯಿಂದ ನಾಲ್ಕು ದಿನ ಇದ್ದು ಹೋಗುತ್ತೇನೆಂದು ಬೆಟಗೇರಿಯ ನಮ್ಮ ಮನೆಗೆ ಬಂದವಳು. ಆ ನಾಲ್ಕು ದಿನ ಇನ್ನೂ ಮುಗಿದಿಲ್ಲ. ಮಧ್ಯಾಹ್ನ ರೊಟ್ಟಿ ಉಂಡು ಪಡಸಾಲೆಯ ಕಂಬಕ್ಕೆ ಒರಗಿ ಕೂತಳೆಂದರೆ ಕಣ್ಣು ಮುಚ್ಚುತ್ತದೆ, ಬಾಯಿ ಅರ್ಧ ತೆರೆಯುತ್ತದೆ, ಕೈ ಮಾತ್ರ ನಿಲ್ಲುವುದಿಲ್ಲ. ತುದಿ ಬಾಗಿದ ಕ್ರೋಶಾ ಕಡ್ಡಿ ಉಲನ್ನಿನೊಳಗೆ ಹೋಗುತ್ತದೆ, ಬರುತ್ತದೆ. ಪಕ್ಕದ ಮನೆಯ ಮಗ್ಗ ಅದಕ್ಕೆ ತಾಳ ಹಾಕುತ್ತಿರುತ್ತದೆ. ಎಚ್ಚರಾಗುವ ಹೊತ್ತಿಗೆ ಮಡಿಲಲ್ಲಿ ಒಂದು ಕಿರೀಟವೋ, ಸಿಂಹದ ಕೇಸರವೋ, ಋಷಿಯ ಗಡ್ಡವೋ ಬಿದ್ದಿರುತ್ತದೆ.

ಇವೆಲ್ಲ ನಮ್ಮ ಓಣಿಯ ಹುಡುಗರ ವೇಷದಾಟಕ್ಕೆ. ಆದರೆ ಯಾರಿಗೆ ಯಾವ ವೇಷ ಎಂಬುದನ್ನು ಹುಡುಗರು ಹೇಳುವಂತಿಲ್ಲ, ಅತ್ತೆಯ ಕನಸು ಹೇಳಬೇಕು. ರಾಜನ ಕಿರೀಟ ಕೇಳಿದವನಿಗೆ ಆನೆಯ ಕಿವಿ ಬರುತ್ತದೆ. ಅವನು ಮುಖ ಊದಿಸಿದರೆ ಅತ್ತೆ ಸಮಾಧಾನ ಹೇಳುತ್ತಾಳೆ.

“ನಾ ಏನ್ ಮಾಡ್ಲೋ? ಕನಸಿನ್ಯಾಗ ನೀ ಆನಿ ಆಗಿ ಬಂದಿದ್ದಿ. ಕೆರಿ ದಂಡಿಗೆ ನಿಂತು ಸೊಂಡಿಲಿಲೆ ನೀರ ಉಗ್ಗತಿದ್ದಿ. ಭಾಳ ಚಂದ ಕಾಣತಿದ್ದಿ ಮತ್ತ.”

ಅಷ್ಟು ಹೇಳಿದ ಮೇಲೆ ಯಾವ ಹುಡುಗ ರಾಜನಾಗಲು ಒಪ್ಪುತ್ತಾನೆ? ಕಿವಿ ಕಟ್ಟಿಕೊಂಡು ಘೀಳಿಡುತ್ತಾ ಓಡುತ್ತಾನೆ.

ಅಳತೆಯ ಟೇಪು ಅತ್ತೆಗೆ ಗೊತ್ತಿಲ್ಲ. ಹುಡುಗರ ತಲೆಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದರೆ ಅಳತೆ ಮುಗಿಯಿತು. ಹೀಗಾಗಿ ತಲೆಗೆ ಹೆಣೆದ ಕಿರೀಟ ಹಾಕಿದ ಕೂಡಲೇ ಕೊರಳಿಗೆ ಇಳಿಯುತ್ತದೆ. ಅಂಥ ಒಂದು ಕಿರೀಟವನ್ನು ನಮ್ಮವ್ವ ಅಡುಗೆಮನೆಗೆ ಒಯ್ದು, ಅದರ ಮೇಲೆ ಸಾರಿನ ಪಾತ್ರೆ ಇಳಿಸಿಬಿಟ್ಟಳು.

“ವೈನಿ, ಅದು ಮಹಾರಾಜರ ಕಿರೀಟ ಐತ್ರಿ,” ಅಂದಳು ಅತ್ತೆ.

“ಸಾರು ಆರೂತನಕ ತಡಕೋ ಅಂತ ಹೇಳವಾ ನಿಮ್ಮ ಮಹಾರಾಜಗ,” ಅಂದಳು ಅವ್ವ.

ಇನ್ನು ಹನುಮಂತನ ಬಾಲದ್ದೇ ಒಂದು ಪುರಾಣ! ಲಕ್ಷ್ಮೇಶ್ವರದಲ್ಲಿ ನಮ್ಮ ಅಣ್ಣನ ಮಗನ ಶಾಲೆಯಲ್ಲಿ ವೇಷಭೂಷಣ ಸ್ಪರ್ಧೆಯಿತ್ತು. ಅತ್ತೆ ಮಗ್ಗದ ಮನೆಯ ತುಂಡು ನೂಲನ್ನೂ ಸೇರಿಸಿ ಹಗಲೆಲ್ಲ ನಿದ್ದೆ ಮಾಡಿ ಬಾಲ ಹೆಣೆದಳು. ಅದು ಎಷ್ಟು ಉದ್ದವಾಯಿತೆಂದರೆ ಬಸ್ಸಿನಲ್ಲಿ ಅದಕ್ಕೇ ಒಂದು ಸೀಟು ಬೇಕಾಯಿತು. ಸೀಟಿನಲ್ಲಿ ಹಿಡಿಸದ ತುದಿಯನ್ನು ಅತ್ತೆ ಗಾಳಿಯಾಡಲೆಂದು ಕಿಟಕಿಯ ಹೊರಗೆ ಬಿಟ್ಟು ತಾನು ಕಣ್ಣು ಮುಚ್ಚಿದಳು. ಶಿರಹಟ್ಟಿಯಲ್ಲಿ ಬಸ್ಸು ನಿಂತಾಗ ಆ ತುದಿ ಜಾಲಿಯ ಮುಳ್ಳಿಗೆ ಸಿಕ್ಕಿಕೊಂಡಿತು. ಬಸ್ಸು ಹೊರಟಿತು. ಅತ್ತೆ ತುದಿಗೆ ಗಂಟು ಹಾಕುವುದನ್ನು ಮರೆತಿದ್ದಳು. ಕ್ರೋಶಾದ ಗುಣ ಗೊತ್ತಲ್ಲ? ಕೊನೆಯ ಕುಣಿಕೆ ಬಿಚ್ಚಿದರೆ ಮೊದಲನೆಯದರ ತನಕ ಬಿಚ್ಚುತ್ತಲೇ ಹೋಗುತ್ತದೆ. ಜೋಳದ ಹೊಲಗಳ ಪಕ್ಕದಲ್ಲಿ ಕಂದು ಬಣ್ಣದ ಎಳೆಯೊಂದು ಗಾಳಿಯಲ್ಲಿ ತೇಲುತ್ತಾ ಹಿಂದೆ ಹಿಂದೆ ಉಳಿಯಿತು. ನನಗೂ ತೂಕಡಿಕೆ. ಕನಸೆಂದುಕೊಂಡು ಆರಾಮವಾಗಿ ನೋಡುತ್ತಾ ಕೂತೆ. ಕಂಡಕ್ಟರ್ ಬಂದು ಅತ್ತೆಯನ್ನು ಎಬ್ಬಿಸಿದ.

“ಅಮ್ಮಾರ, ನಿಮ್ಮ ಹನುಮಪ್ಪನ ಬಾಲ ಶಿರಹಟ್ಟ್ಯಾಗ ಇಳದೈತ್ರಿ.”

ಅತ್ತೆ ಉಳಿದ ಗೇಣುದ್ದದ ತುಂಡನ್ನು ನೋಡಿ, “ಇರ್ಲಿ ತಗೋಪಾ, ಗುಬ್ಬಿ ಗೂಡಿಗೆ ಆಗತೈತಿ,” ಎಂದು ಮತ್ತೆ ಮಲಗಿದಳು. ಆ ವರ್ಷ ನಮ್ಮ ಹನುಮಂತ ಮೊಲವಾಗಿ ವೇದಿಕೆ ಹತ್ತಿದ.

ಆದರೆ ಹುಡುಗರು ಅತ್ತೆಯನ್ನು ಮುತ್ತಿಕೊಳ್ಳುವುದು ಬರೀ ಉಲನ್ನಿಗಾಗಿ ಅಲ್ಲ. ನಮ್ಮ ಪಡಸಾಲೆಯಲ್ಲಿ ಒಂದು ಪದ್ಧತಿಯಿದೆ. ವೇಷ ಹಾಕಿದವರು ಬಂದು ಹೊಸ್ತಿಲಲ್ಲಿ ನಿಂತರೆ ಅತ್ತೆ ಎದ್ದು ನಿಲ್ಲುತ್ತಾಳೆ. “ಬರ್ರಿ ಮಹಾರಾಜರ, ಕುಂಡ್ರಿ. ದೂರದಿಂದ ಬಂದೀರಿ, ದಣದೀರಿ,” ಎಂದು ಕುರ್ಚಿ ಹಾಕಿ, ಬಂದ ಬೀಗರಿಗೆ ಕೊಡುವ ಹಾಗೆ ಬೆಲ್ಲ, ನೀರು ಕೊಡುತ್ತಾಳೆ. ಮನೆಯಲ್ಲಿ, ಶಾಲೆಯಲ್ಲಿ ಬೈಸಿಕೊಂಡು ಬಂದ ಹುಡುಗರಿಗೆ ನಮ್ಮ ಮನೆಯಲ್ಲಿ ‘ರಿ’ ಸಿಗುತ್ತದೆ! ಎಲ್ಲರಿಗಿಂತ ಹೆಚ್ಚು ಬರುವವಳು ಪಕ್ಕದ ಮಗ್ಗದ ಮನೆಯ ಸೃಷ್ಟಿ. ಒಂದನೆಯ ಇಯತ್ತೆಯ ಹುಡುಗಿ, ಮಾತು ಬಲು ಕಡಿಮೆ. ಕಿರೀಟ ಇಟ್ಟು, ಎದೆಯ ತನಕ ಗಡ್ಡ ಇಳಿಬಿಟ್ಟು ಸುಮ್ಮನೆ ಬಂದು ನಿಲ್ಲುತ್ತಾಳೆ. ರಾಜಮರ್ಯಾದೆ ಪಡೆದು, ಬೆಲ್ಲ ತಿಂದು, ಸುಮ್ಮನೆ ಹೋಗುತ್ತಾಳೆ.

ಅತ್ತೆಯದು ನಟನೆಯೆಂದೇ ನಾವು ತಿಳಿದಿದ್ದೆವು. ಒಂದು ದಿನ ಆಕೆ ನೀರಿನ ಬದಲು ಎಣ್ಣೆಯ ತಂಬಿಗೆಯನ್ನು ಮಹಾರಾಜರ ಮುಂದೆ ಹಿಡಿದಾಗ ಗಾಬರಿಯಾಗಿ ಗದಗಿನ ಕಣ್ಣಿನ ಡಾಕ್ಟರ ಬಳಿ ಕರೆದೊಯ್ದೆ. ಎರಡೂ ಕಣ್ಣಿಗೆ ಪೊರೆ ಬೆಳೆದಿತ್ತು. ಆಪರೇಶನ್ ಆಗಲೇಬೇಕು ಎಂದರು.

“ಒಲ್ಲೆರಿ,” ಅಂದಳು ಅತ್ತೆ.

“ನೋವ ಆಗಂಗಿಲ್ರಿ, ಅಂಜಬ್ಯಾಡ್ರಿ.”

“ಅಂಜಿಕಿ ಅಲ್ರಿ ಸಾಹೇಬ್ರ. ಈಗ ಬಾಗಲದಾಗ ರಾಜಾ ಬಂದು ನಿಂತ್ರ ಖರೇನ ರಾಜಾ ಕಾಣತಾನ. ಹಿಂದ ಬೆಳಕು, ತಲಿ ಮ್ಯಾಲೆ ಬಂಗಾರ. ನೀವು ಪೊರಿ ತಗದ್ರ ಬರೇ ಉಲನ್ ಕಾಣತೈತಿ.”

ಡಾಕ್ಟರು ಪೆನ್ನು ಕೆಳಗಿಟ್ಟರು. “ತಡ ಮಾಡಿದ್ರ ಉಲನ್ನೂ ಕಾಣಂಗಿಲ್ರಿ,” ಎಂದರು.

ಅತ್ತೆ ಜಗ್ಗಲಿಲ್ಲ. ಅವ್ವ ಬೈದಳು, ನಾನು ಗೋಗರೆದೆ. ತನ್ನ ಮಂಜಿನ ಲೋಕದಲ್ಲಿ ತಾನು ಸುಖವಾಗಿದ್ದೇನೆ ಎಂಬಂತೆ ಆಕೆ ಕಂಬಕ್ಕೆ ಒರಗಿ ಹೆಣೆಯುತ್ತಲೇ ಇದ್ದಳು. ನಿಜ ಹೇಳಬೇಕೆಂದರೆ ಒಮ್ಮೊಮ್ಮೆ ಆ ಲೋಕದ ಮೇಲೆ ನನಗೂ ಆಸೆಯಾಗುತ್ತಿತ್ತು.

ಸೃಷ್ಟಿಯ ಹುಟ್ಟುಹಬ್ಬ ಬಂತು. ಆ ದಿನ ಅವಳು ವೇಷವಿಲ್ಲದೆ ಬಂದಳು. ಅವಳಪ್ಪ ತಂದ ಹಳದಿ ಫ್ರಾಕು, ಎರಡು ಜಡೆ, ಚಾಚಿದ ಅಂಗೈಯಲ್ಲಿ ಒಂದು ಚಾಕಲೇಟು. ಎಂದಿನಂತೆ ಮಾತಿಲ್ಲದೆ ಹೊಸ್ತಿಲಲ್ಲಿ ನಿಂತಳು. ಅತ್ತೆ ಕಣ್ಣು ಕಿರಿದು ಮಾಡಿ ನೋಡಿದಳು. ಕಿರೀಟವಿಲ್ಲ, ಗಡ್ಡವಿಲ್ಲ.

“ಯಾರ್ರಿ? ಯಾರು ಬೇಕಾಗಿತ್ರಿ? ವೈನಿ ಒಳಗದಾರ ನೋಡ್ರಿ.”

ಹುಡುಗಿ ಇನ್ನೂ ಸ್ವಲ್ಪ ಹೊತ್ತು ಕೈ ಚಾಚಿಯೇ ನಿಂತಿದ್ದಳು. ಆಮೇಲೆ ಚಾಕಲೇಟನ್ನು ಹೊಸ್ತಿಲ ಮೇಲಿಟ್ಟು ಹೊರಟುಹೋದಳು. ಒಳಗಿನಿಂದ ನಾನು ಓಡಿ ಬರುವಷ್ಟರಲ್ಲಿ ಅವರ ಮನೆಯ ಬಾಗಿಲು ಮುಚ್ಚಿತ್ತು.

“ಅತ್ತಿ, ಅದು ಸೃಷ್ಟಿ.”

ಅತ್ತೆಯ ಕೈ ನಿಂತಿತು. ನಿದ್ದೆಯಲ್ಲೂ ನಿಲ್ಲದ ಕೈ ಅದು.

“ಮಾತಾಡಲಿಲ್ಲಲ್ಲ ಅದು.”

“ಹೊಸಾ ಅಂಗಿ ತೋರಸಾಕ ಬಂದಿತ್ತು.”

“ಯಾವ ಬಣ್ಣದ್ದು?”

“ಹಳದಿ.”

ಮರುದಿನ ನಾವು ಏಳುವ ಮೊದಲೇ ಅತ್ತೆ ಸೀರೆಯುಟ್ಟು, ಕೈಚೀಲ ಹಿಡಿದು ಬಾಗಿಲಲ್ಲಿ ಕೂತಿದ್ದಳು. “ನಡಿ ಗದಗಿಗೆ. ಆ ಡಾಕ್ಟರು ಏನ್ ತಗೀತಾನೋ ತಗೀಲಿ.”

ಆಪರೇಶನ್ ಆಯಿತು. ಕಪ್ಪು ಕನ್ನಡಕ ಹಾಕಿಕೊಂಡು ಪಡಸಾಲೆಯಲ್ಲಿ ಕೂತ ಅತ್ತೆ ತಾನು ಹೆಣೆದದ್ದನ್ನೆಲ್ಲ ಒಂದೊಂದಾಗಿ ಎತ್ತಿ ನೋಡಿದಳು. “ಈ ಸಿಂಹಕ್ಕ ಒಂದ ಕಡೆ ಕೂದಲನ ಇಲ್ಲಲ್ಲ! ಇಂಥಾದ್ದ ಹಾಕ್ಕೊಂಡು ಊರೆಲ್ಲ ತಿರಗ್ಯಾವೇನ?” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಿದ್ದರೂ ಕಣ್ಣು ಬಾಗಿಲ ಕಡೆಗೇ. ಓಣಿಯ ಹುಡುಗರೆಲ್ಲ ಬಂದು ಹೋದರು. ಹುಟ್ಟುಹಬ್ಬದ ದಿನ ಹೋದ ಸೃಷ್ಟಿ ಮಾತ್ರ ಬಂದಿರಲಿಲ್ಲ.

ಒಂದು ಮಧ್ಯಾಹ್ನ ಬಂದಳು. ಪೂರ್ತಿ ವೇಷದಲ್ಲಿ. ಹುಬ್ಬಿನ ತನಕ ಕಿರೀಟ, ಮೂಗಿನ ಕೆಳಗಿಂದ ಎದೆಯ ತನಕ ಗಡ್ಡ. ಗುರುತಿನವಳಾಗಿ ಬಂದು ಗುರುತು ಸಿಗದೆ ಹೋದವಳು, ಮರ್ಯಾದೆ ಸಿಗುವ ರೂಪದಲ್ಲೇ ಬಂದಿದ್ದಳು. ಹೊಸ್ತಿಲ ಈಚೆಗೆ ಕಾಲಿಡಲಿಲ್ಲ. ನಾನು ಅಭ್ಯಾಸದಂತೆ ಕುರ್ಚಿ ಎಳೆಯಲು ಹೋದೆ.

ಅತ್ತೆ ಕೈ ಅಡ್ಡ ಮಾಡಿ ನನ್ನನ್ನು ತಡೆದಳು. ತಾನೇ ಎದ್ದು ಬಾಗಿಲಿಗೆ ಹೋಗಿ, ಅಲ್ಲೇ ನೆಲದ ಮೇಲೆ ಕೂತು, ಕಿರೀಟ ಮತ್ತು ಗಡ್ಡದ ನಡುವೆ ಉಳಿದಿದ್ದ ಅಷ್ಟೇ ಅಷ್ಟು ಮುಖವನ್ನು ಬಹಳ ಹೊತ್ತು ನೋಡಿದಳು.

“ಕಣ್ಣಿನ ಕೆಳಗ ಇಷ್ಟು ಚಂದದ ಮಚ್ಚಿ ಐತಿ ನಿನಗ,” ಅಂದಳು. “ನನಗ ಯಾರೂ ಹೇಳಲೇ ಇಲ್ಲ ನೋಡವಾ ಸೃಷ್ಟಿ.”

ಹುಡುಗಿ ಮೊದಲು ಕಿರೀಟ ತೆಗೆದು ನನ್ನ ಕೈಗೆ ಕೊಟ್ಟಳು. ಆಮೇಲೆ ಕಿವಿಯ ಹಿಂದಿನ ದಾರ ಬಿಚ್ಚಿ ಗಡ್ಡ ಇಳಿಸಿದಳು. ಉಳಿದ ಮುಖವನ್ನೂ ನೋಡಲಿ ಎಂದು ಅತ್ತೆಯ ಕನ್ನಡಕದ ಹತ್ತಿರಕ್ಕೆ ಸರಿದು ನಿಂತಳು.